ಕಾವಲಿನವರ ತಪ್ಪು

ಕಾವೇರಿಯ ಮಹಶೀರನ್ನು ಕಾಪಾಡಬೇಕೆಂದು ಗಾಳದ ಸಂಘದವರು ಹೊಳೆಗೆ ಕಾವಲಿಟ್ಟರು. ಹಿಡಿದುದನ್ನು ತೂಗಿ, ಬರೆದಿಟ್ಟು, ಜೀವಸಹಿತ ನೀರಿಗೇ ಬಿಟ್ಟರು. ಅಷ್ಟು ಸಾಲದೆಂದು ಲೋನಾವಳದಲ್ಲಿ ಬೆಳೆಸಿದ, ಕೃಷ್ಣೆಯ ಕಡೆಗೆ ಸೇರಿದ ನೀಲಿರೆಕ್ಕೆಯ ಮಹಶೀರಿನ ಮರಿಗಳೂ ಹೊಳೆಗೆ ಬಂದುವು. ಆ ಜಾತಿಯು ಪ್ರಬಲಿಸಿದಂತೆಲ್ಲ ಕಾವೇರಿಗೇ ಸ್ವಂತವಾದ ಗೂನುಬೆನ್ನಿನ ಮಹಶೀರು ಕ್ಷೀಣಿಸಿತು. 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅಣೆಕಟ್ಟು, ಸಿಡಿಮದ್ದುಗಳ ಪಾಲೂ ಇದರಲ್ಲಿ ಉಂಟೆಂಬುದು ಬೇರೆ ಮಾತು.

ಹಿತವನ್ನೆಣಿಸಿ ಅರಿಯದೆ ಮಾಡಿದುದು ಅಪರಾಧವೆ? ಅಪರಾಧವೆಂದರೆ ಕಠಿನವಾದೀತು, ನಿರ್ದೋಷವೆಂದರೆ ಸುಳ್ಳಾದೀತು. ಎರಡು ಕುಲಗಳನ್ನು ಒಂದೇ ಹೆಸರಿನಿಂದ ಕರೆದು, ಮೀನು ಹೆಚ್ಚಿತೆಂದು ನಲಿದುದರಲ್ಲಿ ಅವರು ಎಡವಿದರು. ಆದರೆ ಈ ಕ್ಷಯವನ್ನು ಬಯಲಿಗೆ ತಂದುದು ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಆ ಗಾಳದವರೇ ಬರೆದಿಟ್ಟ ಲೆಕ್ಕ.