ಅಮ್ಮನ ದನಿ

ತ್ರಾಸಿಯಲ್ಲಿ ಕಡಲೂ ಹೆದ್ದಾರಿಯೂ ಅಕ್ಕಪಕ್ಕ. ಅಮ್ಮ ಹಾಡಿದ ಶೋಭಾನೆಯ ಕ್ಯಾಸೆಟ್ಟಿನಲ್ಲಿ ಅಲೆಯ ಮೊರೆತ, ಲಾರಿಯ ಹಾರನ್ನು, ನಡುವೆ ಅವಳ ಕೆಮ್ಮು ಎಲ್ಲವೂ ಇದ್ದವು. ಅವಳು ಹೋದ ಮೇಲೆ ನನ್ನ ಮಗ ಅದನ್ನು ಕಂಪ್ಯೂಟರಿಗೆ ಹಾಕಿ 'ಸರಿಮಾಡಿ' ತಂದ. ಅಕ್ಕಿಯಿಂದ ಕಲ್ಲು ಆರಿಸಿದಂತೆ ಗದ್ದಲ ಹೋಗಿತ್ತು, ಸಂತೋಷವೇ ಆಯಿತು. ದೇವಸ್ಥಾನದೊಳಗೆ ಹಾಡಿದಂತೆ ತುಸು ಮಾರ್ದನಿ ಸೇರಿಸಿದ್ದ, ಅದೂ ಇರಲಿ. ಆದರೆ ಎರಡನೆಯ ನುಡಿಯಲ್ಲಿ ಯಾವಾಗಲೂ ಜಾರುತ್ತಿದ್ದ ಸ್ವರವೂ ನೆಟ್ಟಗಾಗಿತ್ತು. ಅವಳನ್ನು ನಾನು ಗುರುತು ಹಿಡಿಯುತ್ತಿದ್ದದ್ದೇ ಆ ಜಾರಿನಲ್ಲಿ.

ಜಾರಿದ ಸ್ವರವನ್ನು ಹತ್ತಿರದ ಸರಿಯಾದ ಜಾಗಕ್ಕೆ ಎಳೆದು ಕೂರಿಸುವ ಆಟೋಟ್ಯೂನ್ ಬಂದದ್ದು 1997ರಲ್ಲಿ. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ಎಣ್ಣೆ ಹುಡುಕಲು ನೆಲದಾಳದ ಕಂಪನಗಳ ಲೆಕ್ಕ ನೋಡುತ್ತಿದ್ದವರು. ಈಗ ಸಿನಿಮಾ ಹಾಡುಗಳಲ್ಲಿ ಇಂಥ ತಿದ್ದುಪಡಿ ಸಾಮಾನ್ಯ. ಹಾಡಿದವರೇ ಒಪ್ಪಿದ ಮೇಲೆ ಮೋಸವೇನು? ಮದುವೆಗೆ ಹೊರಟಾಗ ನಾವೂ ಕನ್ನಡಿಯ ಮುಂದೆ ನಿಲ್ಲುವುದಿಲ್ಲವೇ?

ಅಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ. ಇದ್ದಿದ್ದರೆ "ಲಾಯ್ಕ್ ಆಯ್ತ್ ಮಗಾ" ಎನ್ನುತ್ತಿದ್ದಳೋ ಏನೋ. ಆದರೆ ಹಾಗೆನ್ನುವ ಹಕ್ಕು ಅವಳದಾಗಿತ್ತು. ಹೊಸದರ ಮೇಲೆ 'ತಿದ್ದಿದ್ದು' ಎಂದು ಮಗನಿಂದಲೇ ಬರೆಸಿ, ಎರಡನ್ನೂ ಇಟ್ಟುಕೊಂಡಿದ್ದೇನೆ.