ದೋಣಿ ತನ್ನದು, ನದಿ ಯಾರದು?

ಮನೆಗೆ ಗೋಡೆಯುಂಟು, ಹೊಲಕ್ಕೆ ಬದುವುಂಟು. ಅಲ್ಲಿ ‘ನನ್ನದು’ ಎಂಬ ಮಾತಿನ ಎಲ್ಲೆ ಕಣ್ಣಿಗೆ ಕಾಣುತ್ತದೆ. ಆದರೆ ಒಬ್ಬನು ಸ್ವಂತ ದ್ರವ್ಯದಿಂದ ದೋಣಿಯೊಂದನ್ನು ಕೊಂಡು ಮಹಾನದಿಯಲ್ಲಿ ವಿಹಾರಕ್ಕೆ ಹೊರಟನೆಂದರೆ ಆ ಎಲ್ಲೆ ಯಾವುದು? ಹಲಗೆ ಮುಗಿದಲ್ಲಿಗೆ ಅವನ ಸ್ವತ್ತು ಮುಗಿಯಿತು. ವಿಹಾರವೆಲ್ಲ ನಡೆಯುವುದು ಅದರಾಚೆಯ ನೀರಿನ ಮೇಲೆ. ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಅಮೆರಿಕದ ಮಿಸಿಸಿಪ್ಪಿ ತಕ್ಕ ನದಿ.

ಇಟಾಸ್ಕಾ ಸರೋವರದಲ್ಲಿ ಹುಟ್ಟಿ ಸುಮಾರು 3,770 ಕಿಲೋಮೀಟರು ಹರಿದು ಸಮುದ್ರವನ್ನು ಸೇರುವ ಹೊಳೆಯಿದು. ಇದನ್ನು ಕೂಡುವ ನೌಕಾಯೋಗ್ಯವಾದ ಜಲಗಳೆಲ್ಲ ಸರ್ವರಿಗೂ ಸಾಮಾನ್ಯವಾದ ಮಾರ್ಗ, ಎಂದೆಂದಿಗೂ ಸುಂಕವಿಲ್ಲದವು ಎಂದು 1787ರಲ್ಲಿಯೇ ಅಲ್ಲಿಯ ಶಾಸನವೊಂದು ಸಾರಿತು. ಉದಾರವಾದ ಮಾತೇ ಸರಿ. ಆದರೆ ಸುಂಕವಿಲ್ಲದ್ದೆಂದ ಮಾತ್ರಕ್ಕೆ ವೆಚ್ಚವಿಲ್ಲದ್ದೆಂದು ತಿಳಿಯಲಾಗದು.

ಮಿನಿಯಾಪೊಲಿಸಿನಿಂದ ಸೇಂಟ್ ಲೂಯಿಸಿನವರೆಗೆ ನದಿಯು ಸುಮಾರು 400 ಅಡಿ ಇಳಿಯುತ್ತದೆ. 1930ರಲ್ಲಿ ಅಂಗೀಕೃತವಾದ ಯೋಜನೆಯಂತೆ ಇಲ್ಲಿ 9 ಅಡಿ ಆಳದ ದಾರಿಯನ್ನು ಕಾಯ್ದಿರಿಸಲು ಮೆಟ್ಟಿಲಿನಂತೆ ಕಟ್ಟೆಗಳನ್ನು ಹಾಕಿದ್ದಾರೆ. ಕಟ್ಟೆಯ ಪಕ್ಕದಲ್ಲಿ ‘ಲಾಕ್’ ಎಂಬ, ಎರಡು ತುದಿಗೂ ಬಾಗಿಲುಳ್ಳ ನೀರಿನ ಕೋಣೆ. ನೌಕೆಯನ್ನು ಒಳಗೆ ಬಿಟ್ಟು ಬಾಗಿಲು ಮುಚ್ಚಿ, ತೂಬಿನಿಂದ ನೀರನ್ನು ಬಿಟ್ಟು, ಕೆಳಗಿನ ಮಟ್ಟಕ್ಕೆ ಇಳಿಸುತ್ತಾರೆ. ಸೈನ್ಯದ ಇಂಜಿನಿಯರುಗಳ ದಳವು ಇವನ್ನು ನಡೆಸುತ್ತದೆ, ಹೂಳನ್ನೂ ತೆಗೆಸುತ್ತದೆ. ಸರಕಿನ ನೌಕೆಗಳು ಇಂಧನದ ಗ್ಯಾಲನ್ ಒಂದಕ್ಕೆ 2015ರಿಂದ 29 ಸೆಂಟಿನಂತೆ ತೆರಿಗೆ ಕೊಡುತ್ತವೆ. ವಿಹಾರದ ದೋಣಿಗೆ ಆ ತೆರಿಗೆಯಿಲ್ಲ. ಲಾಕ್ ದಾಟಲು ಕಾಸೂ ಇಲ್ಲ. ‘ನನ್ನ ದೋಣಿ, ನನ್ನ ಹಣ, ನನ್ನ ಇಚ್ಛೆ’ ಎನ್ನುವವನು ಪರರ ಶ್ರಮದ ಮೇಲೆಯೇ ತೇಲುತ್ತಿರುತ್ತಾನೆ!

ಅವನು ದೇಶಕ್ಕೆ ಬೇರೆ ಕಂದಾಯಗಳನ್ನು ಕೊಟ್ಟಿಲ್ಲವೇ ಎಂದು ಕೇಳಬಹುದು. ಕೊಟ್ಟಿದ್ದಾನೆ. ಆದರೆ ಹಣದಿಂದ ತೀರದ ಋಣವೊಂದು ಉಳಿಯುತ್ತದೆ. ಅದನ್ನು ಕಾಯುವುದರಿಂದಲೇ ತೀರಿಸಬೇಕು. ಲಾಕಿನಲ್ಲಿ ಮೊದಲ ಸರದಿ ಸರಕಾರದ ನೌಕೆಗೆ, ಬಳಿಕ ಪ್ರಯಾಣಿಕರ ನೌಕೆಗೆ, ಆಮೇಲೆ ಸರಕಿಗೆ, ವಿಹಾರಕ್ಕೆ ಕೊನೆಯದು. ಧಾನ್ಯ ಹೊತ್ತ 15 ಸರಕುದೋಣಿಗಳನ್ನು ಒಟ್ಟಿಗೆ ಬಿಗಿದು ಒಂದೇ ಯಂತ್ರನೌಕೆ ತಳ್ಳಿಕೊಂಡು ಬರುವುದುಂಟು. ಆ ಸಾಲಿನ ಉದ್ದ 1,000 ಅಡಿಗೂ ಹೆಚ್ಚು. ಬಹುತೇಕ ಲಾಕುಗಳ ಉದ್ದ 600 ಅಡಿ. ಸಾಲನ್ನು ಎರಡಾಗಿ ಬಿಡಿಸಿ ದಾಟಿಸಬೇಕು, ಗಂಟೆಗೂ ಮಿಕ್ಕಿ ಹೊತ್ತು ಹಿಡಿಯುತ್ತದೆ. ಹಾಗೆಂದು ಚಿಕ್ಕವನನ್ನು ಮರೆತಿಲ್ಲ: ಮೂರು ಸರದಿಗಳ ಹೊತ್ತು ಕಳೆದರೂ ಎಡೆ ದೊರೆಯದಿದ್ದರೆ ಅವನಿಗೆಂದೇ ಬಾಗಿಲು ತೆರೆಯುವ ನಿಯಮವುಂಟು.

ಇನ್ನೊಂದು ನಿಯಮ ಇದಕ್ಕಿಂತಲೂ ಚಿಂತನೀಯವಾದುದು. ಎದುರುಬದುರಾದಾಗ ಪ್ರವಾಹದೊಡನೆ ಇಳಿದು ಬರುವ ನೌಕೆಗೆ ದಾರಿಯ ಹಕ್ಕು. ಏರಿ ಹೋಗುವವನು ತಡೆದು ನಿಲ್ಲಬೇಕು. ಕಾರಣ ಸರಳ. ಬೆನ್ನ ಹಿಂದೆ ಹೊಳೆ ನೂಕುತ್ತಿರುವವನು ಬೇಗನೆ ನಿಲ್ಲಲಾರ, ಏರುವವನು ನಿಲ್ಲಬಲ್ಲ. ಇಲ್ಲಿ ಹಿರಿಯನಾರು, ಸಿರಿವಂತನಾರು ಎಂಬ ವಿಚಾರವೇ ಇಲ್ಲ. ಯಾರಿಗೆ ಸಾಧ್ಯವೋ ಅವರ ಮೇಲೆಯೇ ಕರ್ತವ್ಯದ ಭಾರ.

ಇನ್ನು ದೋಣಿ ಹಿಂದೆ ಬಿಟ್ಟುಹೋಗುವ ತೆರೆ. ವೇಗದ ಸುಖ ಮುಂದಿರುವವನದು. ಅಲೆಯ ಪೆಟ್ಟು ಹಿಂದಿರುವವರದು. ದಡದಲ್ಲಿ ಕಟ್ಟಿದ ಪುಟ್ಟ ದೋಣಿ ಗೋಡೆಗೆ ಬಡಿಯುತ್ತದೆ, ಗಾಳ ಹಾಕಿ ಕುಳಿತವನು ಮುಗ್ಗರಿಸುತ್ತಾನೆ, ದಂಡೆಯ ಮಣ್ಣು ಕುಸಿಯುತ್ತದೆ. ಒಡೆಯನು ಹಿಂದಿರುಗಿ ನೋಡುವಷ್ಟರಲ್ಲಿ ಹರದಾರಿ ಸಾಗಿರುತ್ತಾನೆ. ಆ ತೆರೆಯಿಂದಾದ ಹಾನಿಗೆ ಅವನನ್ನೇ ಅಲ್ಲಿಯ ನ್ಯಾಯವು ಹೊಣೆ ಮಾಡುತ್ತದೆ. ಹಲಗೆಯಲ್ಲಿ ಮುಗಿಯಿತೆಂದುಕೊಂಡ ಒಡೆತನವು ಹೊಣೆಯ ರೂಪದಲ್ಲಿ ದಡದವರೆಗೂ ಹಬ್ಬಿತು. ‘ದೋಣಿ ನನ್ನದು, ಅಲೆ ನನ್ನದಲ್ಲ’ ಎಂದು ಹೇಳುವ ಅನುಕೂಲ ಯಾರಿಗೂ ಇಲ್ಲ.

ಕಾದು ಕಾದು ಕೊನೆಗೆ ಲಾಕಿನೊಳಗೆ ಹೊಕ್ಕವನು ಗೋಡೆಯಿಂದ ಬಂದ ಹಗ್ಗವನ್ನು ಹಿಡಿಯುತ್ತಾನೆ. ಅದನ್ನು ದೋಣಿಗೆ ಗಂಟು ಹಾಕುವಂತಿಲ್ಲ. ಗಂಟು ಹಾಕಿದರೆ ನೀರು ಇಳಿದಂತೆಲ್ಲ ದೋಣಿ ಗೋಡೆಗೆ ಜೋತುಬಿದ್ದು ಮಗುಚುತ್ತದೆ. ಬಿಟ್ಟುಬಿಟ್ಟರೂ ಅಪಾಯ. ಆದುದರಿಂದ ಅವನು ಹಗ್ಗವನ್ನು ಕೈಯಲ್ಲಿಯೇ ಹಿಡಿದು, ನೀರು ಇಳಿದಷ್ಟು ಇಷ್ಟಿಷ್ಟೇ ಸಡಿಲಿಸುತ್ತ, ಕೆಳಗಿನ ಬಾಗಿಲು ತೆರೆಯುವವರೆಗೆ ನಿಂತಿರುತ್ತಾನೆ.