ಇಂದಿನ ಧಮ್ಮ ಚಿಂತನೆ: ಬಂಡಿಯ ಆಸೆ, ಬಂಡಿಯ ಹಕ್ಕು





ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಟಿ.ವಿ. ರಿಮೋಟು ನನ್ನ ಕೈಯಲ್ಲಿರುವುದಿಲ್ಲ. ಮಗ ಆಟೊಮೊಬೈಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾನೆ. ಅವನು ಬಂದು ಕೂತನೆಂದರೆ ಡಿಸ್ಕವರಿ ಟರ್ಬೊ. ಕಾರು, ಬೈಕು, ಎಂಜಿನ್ನುಗಳಿಗೇ ಮೀಸಲಾದ ಚಾನೆಲ್ ಅದು. ಕನ್ನಡ ಎಂ.ಎ. ಮಾಡಿದ ಮೇಷ್ಟ್ರಿಗೆ ಅದರಲ್ಲಿ ಏನಿದೆ ಎಂದು ಪುಸ್ತಕ ಹಿಡಿದು ಒಳಗೆ ಹೋಗುತ್ತಿದ್ದೆ.

ಹೋದ ವಾರ ಅವನು ಮೆಲ್ಲಗೆ ಮಾತು ತೆಗೆದ. 350 ಸಿ.ಸಿ. ಬೈಕು ಬೇಕಂತೆ. ಸಾಲ ಸಿಗುತ್ತದಂತೆ, ಕೆಲಸಕ್ಕೆ ಸೇರಿದ ಮೇಲೆ ಕಂತು ತಾನೇ ಕಟ್ಟುತ್ತಾನಂತೆ. ನಾನು ತಟ್ಟೆಯಿಂದ ತಲೆ ಎತ್ತದೆ, "ಆಸೆಯೇ ದುಃಖಕ್ಕೆ ಮೂಲ ಅಂತ ಭಾನುವಾರ ಭಾನುವಾರ ವಿಹಾರದಲ್ಲಿ ಕೇಳ್ತೀಯಲ್ಲ, ಮರ್ತೋಯ್ತಾ?" ಅಂದೆ.

ಅವನು ಸಿಟ್ಟಾಗಲಿಲ್ಲ. "ಅಪ್ಪ, ತಾತ ಸೈಕಲ್ ತಗೊಂಡಾಗ ಊರೋರು ಅವರಿಗೂ ಇದನ್ನೇ ಹೇಳಿರ್ತಾರೆ, ಅಲ್ವಾ? ನಿಮಗ್ಯಾಕ್ರೋ ಈ ಆಸೆ ಅಂತ" ಅಂದ.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ನಮ್ಮಪ್ಪ ಒಂದು ಹಳೇ ಸೈಕಲ್ ಕೊಂಡಿದ್ದರು. ಸಂತೆಗೆ ಹೋಗುವಾಗ ನನ್ನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಮೇಲಿನ ಕೇರಿ ಶುರುವಾಗುವ ಅರಳಿಮರದ ಹತ್ತಿರ ಪ್ರತಿಸಲ ಇಳಿದು, "ಗಾಳಿ ಕಮ್ಮಿ ಅದೆ ಮಗ, ನಡ್ಕೊಂಡು ಬಾ" ಅನ್ನುತ್ತಿದ್ದರು. ಕೇರಿ ದಾಟಿದ ಮೇಲೆ ಮತ್ತೆ ಹತ್ತುತ್ತಿದ್ದೆವು. ಅದೇ ಜಾಗದಲ್ಲಿ ಮಾತ್ರ ಯಾಕೆ ಗಾಳಿ ಕಮ್ಮಿಯಾಗುತ್ತದೆ, ಮುಂದೆ ಹೋದಮೇಲೆ ಪಂಪು ಇಲ್ಲದೆ ಹೇಗೆ ತುಂಬಿಕೊಳ್ಳುತ್ತದೆ ಎಂದು ಕೇಳುವ ಬುದ್ಧಿ ಬರುವಷ್ಟರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ.

ಬಂಧುಗಳೇ, ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರುವ ಎರಡು ಪ್ರಯಾಣಗಳು ನಿಮಗೆ ಗೊತ್ತು. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನು ನೋಡಲು ಗೋರೆಗಾಂವ್‌ಗೆ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಯಾವ ಗಾಡಿಯವನೂ ಕೂರಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ, ಎತ್ತು ಹೊಡೆಯುವುದು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂಬ ಕರಾರಿನ ಮೇಲೆ ಗಾಡಿ ಹೊರಟಿತು.

ಎರಡನೆಯದು 1929ರಲ್ಲಿ, ಚಾಳೀಸ್‌ಗಾಂವ್‌ನಲ್ಲಿ. ಅಷ್ಟು ಹೊತ್ತಿಗೆ ಅವರು ಬ್ಯಾರಿಸ್ಟರು, ಮುಂಬಯಿ ಸರ್ಕಾರದ ಸಮಿತಿಯೊಂದರ ಸದಸ್ಯರು. ಆದರೂ ಟಾಂಗಾದವನು ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಟಾಂಗಾ ಕೊಡುತ್ತೇನೆ, ನೀವೇ ಓಡಿಸಿಕೊಳ್ಳಿ ಎಂದ. ಅಲ್ಲಿನ ನಮ್ಮವರು, ಇಂಥ ದೊಡ್ಡವರನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲ ಎಂದು ಓಡಿಸಲು ಬಾರದವನೊಬ್ಬನ ಕೈಗೆ ಲಗಾಮು ಕೊಟ್ಟರು. ಸೇತುವೆಯ ಮೇಲೆ ಚಕ್ರ ಕಲ್ಲಿಗೆ ಬಡಿಯಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಕುದುರೆ, ಟಾಂಗಾ ಎರಡೂ ಹೊಳೆಗೆ ಬಿದ್ದವು.

ಇದರಲ್ಲಿ ಬಾಬಾಸಾಹೇಬರು ಟಾಂಗಾದವನ ಅಹಂಕಾರವನ್ನು ಮಾತ್ರ ಕಾಣಲಿಲ್ಲ. ತಮ್ಮ ಘನತೆ ಕಾಯಲು ಹೋಗಿ ನಮ್ಮವರು ತಮ್ಮ ಜೀವವನ್ನೇ ಅಪಾಯಕ್ಕೆ ಒಡ್ಡಿದರೆಂದೂ ಹೇಳಿದರು. ಬಂಡಿ ನಮ್ಮ ಹಕ್ಕು, ಅದನ್ನು ನಿರಾಕರಿಸುವುದು ಅನ್ಯಾಯ. ಆದರೆ ಘನತೆಯ ಜೊತೆಗೆ ಕೌಶಲವೂ ಎಚ್ಚರವೂ ಇರಬೇಕು. ನಾವು ದಿನವೂ ಪಠಿಸುವ ಮಂಗಲ ಸುತ್ತದಲ್ಲಿ ಬುದ್ಧರು ಸಿಪ್ಪವನ್ನು, ಅಂದರೆ ಕೈಕಸುಬಿನ ನೈಪುಣ್ಯವನ್ನು, ಮಂಗಳಗಳ ಸಾಲಿನಲ್ಲೇ ಇಟ್ಟಿದ್ದಾರೆ.

ಮಾರನೆಯ ರಾತ್ರಿ ಪುಸ್ತಕ ಹಿಡಿಯದೆ ಮಗನ ಪಕ್ಕ ಕೂತೆ. 'ವ್ಹೀಲರ್ ಡೀಲರ್ಸ್' ಎಂಬ ಕಾರ್ಯಕ್ರಮ. ಇಂಗ್ಲೆಂಡಿನಲ್ಲಿ 2003ರಲ್ಲಿ ಶುರುವಾದದ್ದು. ಮೈಕ್ ಬ್ರೂವರ್ ಎಂಬುವರು ಹಳೇ ಕಾರು ಚೌಕಾಸಿ ಮಾಡಿ ಕೊಂಡು ತರುತ್ತಾರೆ. ಗ್ಯಾರೇಜಿನಲ್ಲಿ ಎಡ್ ಚೈನಾ ಎಂಬ ಎತ್ತರದ ಮನುಷ್ಯ ಅದನ್ನು ಬಿಚ್ಚಿ, ತೊಳೆದು, ತುಕ್ಕು ಉಜ್ಜಿ ಮತ್ತೆ ಓಡುವಂತೆ ಮಾಡುತ್ತಾರೆ. ಕೊನೆಗೆ ಅದನ್ನು ಮಾರಿ ಲೆಕ್ಕ ತೋರಿಸುತ್ತಾರೆ: ಕೊಂಡದ್ದು ಇಷ್ಟು, ಬಿಡಿಭಾಗಕ್ಕೆ ಇಷ್ಟು, ಮಾರಿದ್ದು ಇಷ್ಟು, ಉಳಿದ ಲಾಭ ಇಷ್ಟು.

"ಅಷ್ಟು ದಿನ ಮೈಕೈಯೆಲ್ಲ ಎಣ್ಣೆ ಮಾಡ್ಕೊಂಡನಲ್ಲ, ಅವನ ಕೂಲಿ ಎಲ್ಲಿ?" ಎಂದು ಕೇಳಿದೆ.

"ಅದನ್ನ ಲೆಕ್ಕಕ್ಕೆ ಸೇರಿಸಲ್ಲ ಅಪ್ಪ" ಅಂದ ಮಗ.

ಅದು ಆಟದ ಲೆಕ್ಕ, ಟಿ.ವಿ.ಯವರು ಅವರಿಗೆ ಸಂಬಳ ಕೊಟ್ಟಿರುತ್ತಾರೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ತಾತ ಚರ್ಮ ಹದ ಮಾಡಿ ಊರಿನ ಬಂಡಿಗಳಿಗೆ ಮಿಣಿ ಹೊಸೆದು ಕೊಡುತ್ತಿದ್ದವರು. ಬಾರುಕೋಲಿನ ಬಾರೂ ಅವರದೇ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಮೊರದಷ್ಟು ರಾಗಿ ಇಸ್ಕೊಂಡು ಬರುತ್ತಿದ್ದರು. ಅವರು ಮಾಡಿದ ಮಿಣಿ ಬಂಡಿ ಏರುತ್ತಿತ್ತು, ಅವರು ಏರುವಂತಿರಲಿಲ್ಲ. ಊರಿನ ಲೆಕ್ಕದಲ್ಲಿ ಅವರ ಕೂಲಿ ಎಂದೂ ಸೇರಲಿಲ್ಲ.

ಹಾಗಾದರೆ ಮಗನ ಆಸೆ ತಣ್ಹೆಯೋ, ಹಕ್ಕೋ? ಇಲ್ಲಿ ಭಂತೆ ನಾಗಸೇನರನ್ನು ನೆನೆಯೋಣ. ರಥದಲ್ಲಿ ಬಂದ ಮಿಲಿಂದ ರಾಜನನ್ನು ಅವರು ಕೇಳುತ್ತಾರೆ: ರಥ ಎಂದರೆ ಯಾವುದು? ಅಚ್ಚೋ, ಚಕ್ರವೋ, ನೊಗವೋ? ಒಂದೂ ಅಲ್ಲ. ಎಲ್ಲ ಕೂಡಿದಾಗ ನಾವಿಟ್ಟ ಹೆಸರು ರಥ. ಗ್ಯಾರೇಜಿನ ನೆಲದ ಮೇಲೆ ಬಿಡಿಬಿಡಿಯಾಗಿ ಹರಡಿದ್ದ ಕಾರನ್ನು ನೋಡುವಾಗ ಅದೇ ಪಾಠ ಕಣ್ಣೆದುರು ಇತ್ತು. ಟ್ಯಾಂಕಿನಲ್ಲಿ ಘನತೆ ಇಲ್ಲ, ಸೈಲೆನ್ಸರಿನಲ್ಲೂ ಇಲ್ಲ. ಇದೆ ಎಂದು ನಂಬಿಸಿ ಮಾರುವವರು ಇದ್ದಾರೆ. ಕಾರ್ಯಕ್ರಮದ ನಡುನಡುವೆ ಬರುವ ಜಾಹೀರಾತುಗಳ ಕೆಲಸ ಅದೇ. ಬೈಕಿಲ್ಲದೆ ನಾನು ಏನೂ ಅಲ್ಲ ಎನ್ನುವುದು ತಣ್ಹೆ. ಈ ರಸ್ತೆಯಲ್ಲಿ ಇಳಿಯದೆ ಹೋಗುತ್ತೇನೆ ಎನ್ನುವುದು ಹಕ್ಕು. ಎರಡನ್ನೂ ಒಂದೇ ಮಾತಿನಲ್ಲಿ ಹೊಡೆದು ಹಾಕಿದ್ದು ನನ್ನ ತಪ್ಪು.

ಬುದ್ಧರು ಗೃಹಸ್ಥರಿಗೆ ಬಡತನವನ್ನು ಬೋಧಿಸಲಿಲ್ಲ. ಅನಾಥಪಿಂಡಿಕನಿಗೆ ನಾಲ್ಕು ಸುಖಗಳನ್ನು ಹೇಳಿದರು: ನ್ಯಾಯವಾಗಿ ದುಡಿದದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿಂದೆಗೆ ಎಡೆಯಿಲ್ಲದ ಬದುಕಿನ ಸುಖ. ನಾನು ಮಗನಿಗೆ ಹೇಳಬೇಕಿದ್ದದ್ದು ಮೂರನೆಯದನ್ನು. ಇನ್ನೂ ಸಿಗದ ಕೆಲಸದ ಸಂಬಳಕ್ಕೆ ಈಗಲೇ ಕಂತು ಕಟ್ಟಿದರೆ, ಒಂದು ಕಾಲದಲ್ಲಿ ಸಾಲಕ್ಕೆ ಜೀತವಿದ್ದ ನಮ್ಮ ಮನೆಗಳಿಗೆ ಅದು ಒಪ್ಪುವ ಮಾತಲ್ಲ.

ಇನ್ನೊಂದು ಸತ್ಯ ಹೇಳಿಬಿಡುತ್ತೇನೆ. ನನ್ನನ್ನು ಆ ಮಾತು ಆಡಿಸಿದ್ದು ಧಮ್ಮವಲ್ಲ, ಭಯ. ದೊಡ್ಡ ಬೈಕಿನಲ್ಲಿ ನನ್ನ ಮಗ ಊರಿನ ಆ ಅರಳಿಮರ ದಾಟಿ ಹೋದರೆ ಯಾರಾದರೂ ತಡೆದು ಕೈ ಮಾಡಿಯಾರು ಎಂಬ ಭಯ. ಬೈಕು ಹತ್ತಿದ್ದಕ್ಕೆ, ಕುದುರೆ ಏರಿದ್ದಕ್ಕೆ ನಮ್ಮ ಹುಡುಗರು ಏಟು ತಿಂದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಭಯಕ್ಕೆ ನಮ್ಮಪ್ಪ 'ಗಾಳಿ ಕಮ್ಮಿ' ಎಂಬ ಹೆಸರು ಕೊಟ್ಟರು. ನಾನು 'ತಣ್ಹೆ' ಎಂಬ ಹೆಸರು ಕೊಟ್ಟೆ. ಅಪ್ಪ ಬಳಸಿದ್ದು ಸೈಕಲ್ಲನ್ನು, ನಾನು ಬಳಸಿದ್ದು ಬುದ್ಧವಚನವನ್ನು. ನನ್ನ ಸುಳ್ಳೇ ದೊಡ್ಡದು. ನಾಲ್ಕನೆಯ ಶೀಲವನ್ನು ದಿನವೂ ಸ್ವೀಕರಿಸುವ ನಾನು ಮಗನ ಮುಂದೆ ಇದನ್ನು ಒಪ್ಪಿಕೊಂಡೆ.

ಈಗ ಆಗಿರುವ ತೀರ್ಮಾನ ಇದು. ಸ್ನೇಹಿತರೊಬ್ಬರ ಮನೆಯಲ್ಲಿ ವರ್ಷಗಳಿಂದ ನಿಂತಿದ್ದ ಹಳೇ 100 ಸಿ.ಸಿ. ಬೈಕನ್ನು ಇದ್ದ ದುಡ್ಡಿನಲ್ಲೇ ಕೊಂಡಿದ್ದೇವೆ. ಮಗ ಅದನ್ನು ಅಂಗಳದಲ್ಲಿ ಬಿಚ್ಚಿ ಹರಡಿಕೊಂಡು ಕೂತಿದ್ದಾನೆ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಬಿಡಿಭಾಗದ ಪಕ್ಕದಲ್ಲಿ 'ಕೂಲಿ' ಎಂದು ಒಂದು ಕಾಲಂ ಎಳೆದು, ಅವನು ದುಡಿದ ಗಂಟೆಗಳನ್ನು ಬರೆಯುತ್ತಿದ್ದೇನೆ. ಗಾಡಿ ರೆಡಿಯಾದ ಮೇಲೆ ಅವನಿಗೆ ಹೇಳಬೇಕಾದದ್ದು ಇಷ್ಟೇ: ಲೈಸೆನ್ಸ್ ಇಟ್ಕೊ, ಹೆಲ್ಮೆಟ್ ಹಾಕ್ಕೊ, ನಿಧಾನಕ್ಕೆ ಓಡ್ಸು. ಅರಳಿಮರದ ಹತ್ರ ಇಳೀಬೇಡ. ಮೊದಲ ಸಲ ಹಿಂದೆ ನಾನೂ ಕೂರುತ್ತೇನೆ.

ಇಂದಿನ ಅಭ್ಯಾಸ: ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಹತ್ತು ನಿಮಿಷ ಮೌನವಾಗಿ ಕೂರೋಣ. ನನ್ನ ಯಾವ ಭಯಕ್ಕೆ ನಾನು ಧಮ್ಮದ ಹೆಸರು ಕೊಟ್ಟಿದ್ದೇನೆ? ನನ್ನ ಮನೆಯ ಲೆಕ್ಕದಲ್ಲಿ ಯಾರ ದುಡಿಮೆಯನ್ನು ಬಿಟ್ಟಿದ್ದೇನೆ? ಎರಡನೆಯದಕ್ಕೆ ಉತ್ತರ ಹುಡುಕುವವರು ಮೊದಲು ಅಡುಗೆಮನೆಯ ಕಡೆ ನೋಡಿ. ನಾನೂ ನೋಡುತ್ತೇನೆ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ.